ಗಾರ್ಡ್ ಹೆಂಡತಿ ಹೇಳಿದ ಕಾದಂಬರಿ

ನಾಗಪುರದ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ನಾನು ಉಪಸಂಪಾದಕನಾಗಿದ್ದಾಗ ಕನ್ನಡ ನನ್ನ ಕಿವಿಗೆ ಬೀಳುತ್ತಿದ್ದುದು ತಿಂಗಳಿಗೆ ಒಂದು ಸಲ. ಧಂತೋಲಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಒಬ್ಬನೇ ಇದ್ದೆ. ಕಚೇರಿಯಲ್ಲಿ ಇಂಗ್ಲಿಷ್, ಖಾನಾವಳಿಯಲ್ಲಿ ಮರಾಠಿ, ಟಾಂಗಾದವನ ಜತೆ ಹಿಂದಿ. ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಸೈಕಲ್ ಹತ್ತಿ ಅಜನಿಯ ರೈಲ್ವೆ ಕ್ವಾರ್ಟರ್ಸಿಗೆ ಹೋಗುತ್ತಿದ್ದೆ. ಅಲ್ಲಿ ಗದಗ ಕಡೆಯ ಗುಮಾಸ್ತರೊಬ್ಬರ ಮನೆಯಲ್ಲಿ ಏಳೆಂಟು ಕನ್ನಡದವರು ಸೇರುತ್ತಿದ್ದರು. ಈಚೆಗೆ ಓದಿದ ಕಾದಂಬರಿಯ ಕಥೆಯನ್ನು ಒಬ್ಬೊಬ್ಬರಾಗಿ ಹೇಳುತ್ತಿದ್ದರು.

ಪುಸ್ತಕಗಳು ಸಾಲದ್ದರಿಂದ ಬೆಳೆದ ಪದ್ಧತಿ ಅದು. ಊರಿಗೆ ಹೋಗಿ ಬಂದವರ ಟ್ರಂಕಿನಲ್ಲಿ ಒಂದೋ ಎರಡೋ ಬರುತ್ತಿದ್ದವು. ಅವು ಎಲ್ಲರ ಮನೆ ಸುತ್ತುವಷ್ಟರಲ್ಲಿ ವರ್ಷ ಕಳೆಯುತ್ತಿತ್ತು. ಗುಮಾಸ್ತರ ತಾಯಿಗಂತೂ ಓದು ಬರುತ್ತಿರಲಿಲ್ಲ. ಆ ಅಜ್ಜಿ ಕಾದಂಬರಿಯ ಜನರನ್ನು ನೆರೆಮನೆಯವರನ್ನು ವಿಚಾರಿಸಿದಂತೆ ವಿಚಾರಿಸುತ್ತಿದ್ದರು. ಅವರಿಗೆ ಮಾತಿಗೆ ಸಿಗುವ ನೆರೆಯವರು ನಾಗಪುರದಲ್ಲಿ ಇರಲಿಲ್ಲ. ಯಾರು ಯಾವ ಕಾದಂಬರಿ ಹೇಳಿದರೆಂದು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಯಾರೂ ಒಪ್ಪಿಸಿದ ಕೆಲಸವಲ್ಲ, ರೂಢಿ.

ಗೂಡ್ಸ್ ಗಾಡಿಯ ಗಾರ್ಡ್ ಒಬ್ಬರ ಹೆಂಡತಿಯೂ ಬರುತ್ತಿದ್ದರು. ಮಕ್ಕಳಿರಲಿಲ್ಲ. ಗಂಡ ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಅತ್ತಿಗೆ ಎಂಬರ್ಥದಲ್ಲಿ ಎಲ್ಲರೂ ಅವರನ್ನು ವೈನಿ ಎನ್ನುತ್ತಿದ್ದರು. ಬಾಗಿಲ ಪಕ್ಕ ಕೂತು ಕೇಳುವುದಷ್ಟೇ ಅವರ ಪಾಲು. ಒಂದು ಭಾನುವಾರ, ತಾವೂ ಒಂದು ಓದುತ್ತಿರುವುದಾಗಿ ಹೇಳಿ, ಶುರು ಮಾಡಿದರು.

ಆ ಕಥೆಯಲ್ಲಿ ಗಂಡ ಮುದ್ರಣಾಲಯದಲ್ಲಿ ರಾತ್ರಿ ಪಾಳಿ, ಹೆಂಡತಿ ಟೆಲಿಫೋನ್ ಕಚೇರಿಯಲ್ಲಿ ಹಗಲು ಪಾಳಿ. ಒಬ್ಬರ ಮುಖ ಒಬ್ಬರು ನೋಡುವುದು ಅಪರೂಪ. ಆದ್ದರಿಂದ ಬಾಗಿಲ ಹಿಂಬದಿಗೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಹಾಲು ಕಾಸಿದೆ. ನೆಗಡಿ ಹೇಗಿದೆ. ಕೊಡೆ ಎಲ್ಲಿಟ್ಟೆ. ಎರಡು ಭಾನುವಾರ ಇಷ್ಟೇ ನಡೆಯಿತು, ಯಾರೂ ಅಲುಗಾಡದೆ ಕೇಳಿದೆವು. ಮೂರನೆಯ ಭಾನುವಾರ ಆ ಬಾಗಿಲ ಮೇಲೆ, ಗಂಡನದೂ ಅಲ್ಲದ, ಹೆಂಡತಿಯದೂ ಅಲ್ಲದ ಅಕ್ಷರದಲ್ಲಿ ಒಂದು ಸಾಲು ಕಾಣಿಸಿತು: ‘ನನಗೂ ಏನಾದರೂ ಬರೀರಿ.’

“ಯಾರವ್ವಾ ಬರದವರು? ಕಳ್ಳನೋ, ದೆವ್ವೋ?” ಅಜ್ಜಿ ಕೇಳಿದರು.

“ಇನ್ನೂ ಓದಿಲ್ಲರಿ ಅಜ್ಜಿ.”

“ಜಲ್ದಿ ಓದು. ನಾ ಎಷ್ಟ ದಿನಾ ಇರಾಕಿ?”

ನನಗೂ ತಡೆಯಲಾಗಲಿಲ್ಲ. ಪುಸ್ತಕದ ಹೆಸರು ಕೇಳಿದೆ. ವೈನಿ ಗೋಡೆ ನೋಡುತ್ತ ಒಂದು ಹೆಸರು ಹೇಳಿದರು. ಬರೆದವರು ಯಾರು? “ಮ್ಯಾಲಿನ ಹಾಳಿ ಹರದೈತ್ರಿ.” ನಾನು ಧಾರವಾಡದ ಒಂದು ಅಂಗಡಿಗೆ ಕಾರ್ಡು ಬರೆದೆ. ಅಂಥ ಪುಸ್ತಕವಿಲ್ಲ ಎಂದು ಉತ್ತರ ಬಂತು. ಒಂದೇ ಮೂಲವನ್ನು ನಂಬಬಾರದೆಂಬುದು ನಮ್ಮ ಕೆಲಸದ ನಿಯಮ, ಬೆಂಗಳೂರಿಗೂ ಬರೆದೆ. ಅದೇ ಉತ್ತರ.

ಮುಂದಿನ ತಿಂಗಳ ಭಾನುವಾರ ಎರಡೂ ಕಾರ್ಡುಗಳನ್ನು ಚಾಪೆಯ ಮೇಲೆ ಇಟ್ಟೆ. “ಇಂಥ ಕಾದಂಬರಿಯೇ ಇಲ್ಲ ಅಂತ ಬರೆದಿದ್ದಾರೆ. ಹೆಸರು ಸರಿಯಾಗಿ ನೆನಪಿದೆಯಾ?” ಎಂದೆ. ಹೆಸರು ತಪ್ಪಿರಬಹುದೆಂದಷ್ಟೇ ನನ್ನ ಎಣಿಕೆ. ಇಲ್ಲದ್ದನ್ನು ಒಬ್ಬರು ಕಟ್ಟಿ ಹೇಳುತ್ತಿರಬಹುದೆಂದು ಹೊಳೆದಿರಲಿಲ್ಲ.

ವೈನಿ ಕಾರ್ಡು ಎತ್ತಿಕೊಳ್ಳಲಿಲ್ಲ. ಕೂತಲ್ಲಿಂದಲೇ ಓದಿದರು. “ಹಂಗಾರ ಇರಲಿಕ್ಕಿಲ್ಲ ಬಿಡ್ರಿ,” ಎಂದರು.

ಗುಮಾಸ್ತರು ಜೋರಾಗಿ ನಕ್ಕರು. “ವೈನೀ, ಮನ್ಯಾಗ ಕೂತು ನೀವಽ ಹೆಣದೀರಿ, ಬರೋಬರ್?”

ಎಲ್ಲರೂ ನಕ್ಕರು, ವೈನಿಯೂ ನಕ್ಕರು. ಅವಲಕ್ಕಿ ಬರುವ ಮೊದಲೇ ಎದ್ದು ಹೋದರು. ಅವರು ಹೋದ ಮೇಲೆ ಅಜ್ಜಿ ನನ್ನ ಕಡೆ ತಿರುಗಿದರು. “ಪುಸ್ತಕ ಇಲ್ಲದಿದ್ದರ ಏನಾತೋ ತಮ್ಮಾ? ನನಗ ಮುಂದಿಂದು ಬೇಕಾಗಿತ್ತು.”

ಅಂದು ಕೋಣೆಗೆ ಮರಳಿ, ನೋಟ್‌ಬುಕ್ಕಿನಲ್ಲಿ ಆ ಕಾದಂಬರಿಯ ಹೆಸರಿನ ಮೇಲೆ ಗೆರೆ ಎಳೆದೆ. ಖಚಿತವಾಗದ ಸುದ್ದಿಯ ಮೇಲೆ ಎಳೆಯುವ ಗೆರೆಯೇ ಅದು.

ಎರಡು ಭಾನುವಾರ ವೈನಿ ಬರಲಿಲ್ಲ. ಮೂರನೆಯದಕ್ಕೂ ಬಾರದಿದ್ದಾಗ, ಎರಡು ಸಾಲು ಆಚೆ ಇದ್ದ ಅವರ ಕ್ವಾರ್ಟರಿಗೆ ಹೋದೆ. ಗಂಡ ಡ್ಯೂಟಿ ಮೇಲೆ ಹೋಗಿದ್ದರು. ವೈನಿ ಬಾಗಿಲು ಅರ್ಧ ತೆರೆದು ಹೊಸ್ತಿಲಲ್ಲೇ ನಿಂತರು. ನನ್ನಿಂದ ತಪ್ಪಾಯಿತೆಂದೆ. ಕಥೆಯ ಬಾಗಿಲ ಮೇಲೆ ಆ ಸಾಲು ಬರೆದವರು ಯಾರೆಂದು ಕೇಳಲು ಬಂದೆ ಎಂದೂ ಹೇಳಿದೆ.

“ಅಂಗಡ್ಯಾವ್ರನ್ನ ಕೇಳ್ರಿ,” ಎಂದರು. ಮುಖದಲ್ಲಿ ಸಿಟ್ಟಿರಲಿಲ್ಲ. “ಅಜ್ಜಿ ಹೇಳಿಕಳಿಸಿದ್ರು. ನಿನ್ನೆ ಹೋಗಿ ಎಲ್ಲಾ ಹೇಳಿಬಂದೇನಿ, ಮುಗಿಯೂತನಕ. ನಿಮಗ್ಯಾಕ ಬೇಕ್ರಿ? ಖರೇ ಕಾದಂಬರಿ ಅಲ್ಲಲಾ ಅದು.”

ಬಾಗಿಲ ಹಿಂಬದಿ ನಾನು ನಿಂತಲ್ಲಿಂದ ಕಾಣುತ್ತಿರಲಿಲ್ಲ.

ಅಜ್ಜಿಯನ್ನು ಎರಡು ಸಲ ಕೇಳಿದೆ. “ಪೇಪರಿನವ್ರಿಗೆ ಹೇಳಬ್ಯಾಡ ಅಂದಾಳ,” ಎಂದು ಬೊಚ್ಚುಬಾಯಿ ಅಗಲಿಸಿ ನಕ್ಕರು, ಹೇಳಲಿಲ್ಲ. ಆ ವರ್ಷವೇ ಮಧ್ಯಪ್ರದೇಶದ ರಾಜಧಾನಿ ನಾಗಪುರದಿಂದ ಭೋಪಾಲಕ್ಕೆ ಹೋಯಿತು. ಭಾನುವಾರದವರಲ್ಲಿ ಅರ್ಧ ಜನ ಸರ್ಕಾರಿ ನೌಕರರು, ಅವರೂ ಹೋದರು. ಗಾರ್ಡಿಗೆ ಬಿಲಾಸಪುರಕ್ಕೆ ವರ್ಗವಾಯಿತು. ಉಳಿದ ಮೂರು ನಾಲ್ಕು ಜನ ಒಂದೆರಡು ಸಲ ಸೇರಿದೆವು. ಹೇಳಲು ಯಾರೂ ಏನನ್ನೂ ಓದಿರಲಿಲ್ಲ.

ನೋಟ್‌ಬುಕ್ಕು ಈಗಲೂ ಇದೆ. ಗೆರೆ ಎಳೆದ ಹೆಸರೂ ಓದಲು ಬರುತ್ತದೆ. ಅದರಲ್ಲಿ ಉಳಿದ ಕಾದಂಬರಿಗಳ ಕಥೆ ನನಗೆ ನೆನಪಿಲ್ಲ.

ನಾಗಪುರ ಬಿಡುವವರೆಗೂ ಕೋಣೆಗೆ ಬಂದು ಬಾಗಿಲು ಹಾಕಿದಾಗ ಅದರ ಹಿಂಬದಿಯ ಕಡೆಗೆ ನನ್ನ ಕಣ್ಣು ಹೋಗುತ್ತಿತ್ತು. ಹಸಿರು ಬಣ್ಣ, ಒಂದು ಮೊಳೆ, ಮೊಳೆಗೆ ನನ್ನ ಇನ್ನೊಂದು ಅಂಗಿ.