ಎಡಗಡೆಯ ಸ್ಪೀಕರ್

ಮೊಮ್ಮಕ್ಕಳೇ, ಕಾರಿನಲ್ಲಿ ಹಿಂದೆ ಬಲಗಡೆಯ ಸೀಟಿಗಾಗಿ ನೀವಿಬ್ಬರೂ ಜಗಳವಾಡುತ್ತಿದ್ದದ್ದು ನಿಮಗೆ ನೆನಪಿರಬೇಕು. ಹಾಡು ಬಲಗಡೆಯ ಬಾಗಿಲುಗಳಿಂದ ಮಾತ್ರ ಬರುತ್ತಿತ್ತು. ಎಡಗಡೆ ಕೂತವರಿಗೆ ಅದು ಪಕ್ಕದ ಮನೆಯ ರೇಡಿಯೋ. ಅಜ್ಜಂಪುರದಿಂದ ಬೀರೂರಿನವರೆಗೆ ಒಬ್ಬರು, ಬೀರೂರಿನಿಂದ ಮುಂದಕ್ಕೆ ಇನ್ನೊಬ್ಬರು ಎಂದು ನಿಮ್ಮ ಅಮ್ಮ ತೀರ್ಪು ಕೊಟ್ಟಿದ್ದಳು. ಆ ಎಡಗಡೆಯ ಕಥೆಯನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆ ಕಾರನ್ನು ಕೊಂಡಾಗ ಅದರೊಳಗಿನ ಹಾಡಿನ ಸೆಟ್ಟೇ ನಿಮ್ಮ ತಾತನಿಗೆ ಕಾರಿಗಿಂತ ಹೆಚ್ಚಾಗಿತ್ತು. ಬೀಜದ ಅಂಗಡಿಯಿಂದ ಬಂದು ಊಟ ಮುಗಿಸಿದವರು ಕಾರಿನಲ್ಲಿ ಕೂತು ಅದನ್ನು ಒರೆಸುತ್ತಿದ್ದರು. ಅವರ ಕಟ್ಟುಪಾಡುಗಳು ಬಹಳ. ಇಂಜಿನ್ ಶುರುವಾಗದೆ ಹಾಡು ಹಾಕಬಾರದು, ಬ್ಯಾಟರಿ ಇಳಿದುಹೋಗುತ್ತದೆ. ಇಳಿಯುವ ಮೊದಲು ಸದ್ದು ತಗ್ಗಿಸಿ ಆಮೇಲೆ ನಿಲ್ಲಿಸಬೇಕು, ಇಲ್ಲದಿದ್ದರೆ ಮಾರನೆಯ ದಿನ ಕೀಲಿ ತಿರುಗಿಸಿದವರ ಎದೆ ಒಡೆಯುತ್ತದೆ. ಹಾಡುತ್ತಿರುವಾಗ ಪೆನ್‌ಡ್ರೈವ್ ಕೀಳಬಾರದು. ಸದ್ದನ್ನು ಕೊನೆಯವರೆಗೆ ಏರಿಸಿದರೆ ಸ್ಪೀಕರಿನೊಳಗಿನ ಕಾಗದ ಹರಿಯುತ್ತದೆ. ಒದ್ದೆ ಬಟ್ಟೆಯಂತೂ ಅದರ ಹತ್ತಿರ ಸುಳಿಯಬಾರದು. ಅವರು ಹೋದ ಮೇಲೆ ಆ ಕೆಲಸ ನನಗೆ ಬಂತು. ಅವರ ಹಳೆಯ ಪಂಚೆಯ ತುಂಡಿನಿಂದ ವಾರಕ್ಕೊಮ್ಮೆ ಧೂಳು ಒರೆಸುತ್ತಿದ್ದೆ. ಒರೆಸುತ್ತಿದ್ದೆನೇ ಹೊರತು ಒಂದು ಗುಂಡಿಯನ್ನೂ ಒತ್ತಿದವಳಲ್ಲ.

ಎಡಗಡೆಯ ಸ್ಪೀಕರುಗಳು ಸುಟ್ಟುಹೋಗಿವೆ ಎಂದು ನಿಮ್ಮ ಅಪ್ಪ ನಂಬಿದ್ದ. ಸೆಟ್ಟನ್ನೇ ಕಿತ್ತು, ಕೈಯಿಂದ ಮುಟ್ಟಿದರೆ ಚಿತ್ರ ಬರುವ ಹೊಸದನ್ನು ಹಾಕಿಸುತ್ತೇನೆಂದು ಹೊರಟ. ತಾತನ ಕೈ ಆಡಿದ ಗುಂಡಿಗಳು ಯಾವುದೋ ಗುಜರಿ ಚೀಲ ಸೇರುತ್ತವೆ. ಬೇಡ ಎನ್ನುವ ಬದಲು ನಾನೂ ಬರುತ್ತೇನೆ ಎಂದು ಮಾತ್ರ ಹೇಳಿದೆ. ಕಿತ್ತರೆ ಅದನ್ನು ಮಡಿಲಲ್ಲಿ ಇಟ್ಟುಕೊಂಡಾದರೂ ಮನೆಗೆ ತರಬೇಕೆಂದು ನನ್ನ ಲೆಕ್ಕ. ದೊಡ್ಡವಳೇ, ಅವತ್ತು ನೀನೂ ಬಂದು ಹಿಂದೆ ಕೂತಿದ್ದೆ.

ಕಾರಿಗೆ ಹಾಡಿನ ಸೆಟ್ಟು ಹಾಕುವ ಅಂಗಡಿ ಕಡೂರಿನಲ್ಲಿ ದೊಡ್ಡ ರಸ್ತೆಯ ಪಕ್ಕಕ್ಕೇ ಇತ್ತು. ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಗಂಡಸರೇ ತುಂಬಿದ್ದರಿಂದ ನಾನು ಇಳಿಯಲಿಲ್ಲ. ಮುಂದಿನ ಸೀಟಿನಲ್ಲಿ, ಎಡಗಡೆ, ಯಾವಾಗಲೂ ಕೂರುವ ಜಾಗದಲ್ಲೇ ಕೂತಿದ್ದೆ. ಅಂಗಡಿಯವರು ಡ್ರೈವರ್ ಸೀಟಿಗೆ ಬಂದು ದೊಡ್ಡ ಗುಂಡಿಯನ್ನು ಒತ್ತಿದರು, ತಿರುಗಿಸಿದರು, ಮತ್ತೆ ಒತ್ತಿದರು. ನಿಮ್ಮ ಅಪ್ಪ ಹೊರಗಿನಿಂದ ಬಗ್ಗಿ ನೋಡುತ್ತಿದ್ದ.

"ಈಗ ಎಡಗಡೆಗೆ ಬಿಟ್ಟಿದೀನಿ. ಅಜ್ಜಿ, ಬಾಗಿಲ ಹತ್ರ ಸ್ವಲ್ಪ ಕಿವಿ ಕೊಟ್ಟು ನೋಡಿ, ಬತ್ತಾ ಇದ್ಯಾ?" ಎಂದರು.

ನಾನು ಎಡಕ್ಕೆ ಬಾಗಿ, ಬಾಗಿಲಿನ ಕೆಳಗಿರುವ ಜಾಲರಿಗೆ ಕಿವಿ ಹತ್ತಿಸಿದೆ. ಡ್ರೈವರ್ ಕಡೆಯ ತೆರೆದ ಬಾಗಿಲಿನಿಂದ ನುಗ್ಗುತ್ತಿದ್ದ ಲಾರಿಗಳ ಸದ್ದು ಬಿಟ್ಟು ಏನೂ ಕೇಳಲಿಲ್ಲ. ಇಲ್ಲ ಎಂದು ತಲೆಯಾಡಿಸಿದೆ. ಅವರು ಗುಂಡಿ ಇನ್ನಷ್ಟು ತಿರುಗಿಸಿ, ಈಗ ಎಂದು ಕೇಳಿದರು. ಈಗಲೂ ಇಲ್ಲ ಎಂದೆ. ಅವರು ನಿಮ್ಮ ಅಪ್ಪನ ಮುಖ ನೋಡಿದರು. ನಿಮ್ಮ ಅಪ್ಪ ನನ್ನ ಮುಖ ನೋಡಿದ. ಬಗ್ಗಿದ ಮೈ ಜೋಲಿ ತಪ್ಪದಿರಲೆಂದು ನಾನು ಅಂಗೈಯನ್ನು ಜಾಲರಿಯ ಮೇಲೆ ಊರಿದೆ. ಅದು ಅದುರುತ್ತಿತ್ತು. ಕರುವಿನ ಕುತ್ತಿಗೆಯ ಮೇಲೆ ಕೈಯಿಟ್ಟಂತೆ, ಒಳಗೆ ಏನೋ ಜೀವವಿದ್ದಂತೆ, ತಾಳಕ್ಕೆ ಸರಿಯಾಗಿ ಅದುರುತ್ತಿತ್ತು.

ಅಂಗೈಗೆ ಹಾಡು ಗೊತ್ತಾಗುತ್ತಿದೆ, ಕಿವಿಗೆ ಇಲ್ಲ. ನಾನು ಮುಖ ಹೊರಳಿಸಿ ಬಲಗಿವಿಯನ್ನು ಅದೇ ಜಾಗಕ್ಕೆ ಹತ್ತಿಸಿದೆ. ಹಾಡು ಬಡಿದಂತೆ ಒಳಗೆ ನುಗ್ಗಿತು. ಮತ್ತೆ ಎಡಗಿವಿ ಇಟ್ಟೆ. ಬಾಗಿಲು ಮುಚ್ಚಿದಂತೆ ನಿಂತಿತು.

ಇನ್ನೊಮ್ಮೆ ಕಿವಿ ಬದಲಿಸಿ ನೋಡಿದೆ. ಅದೇ.

ನೀವು ನಗಬಹುದು, ಇಷ್ಟು ವಯಸ್ಸಾದರೂ ತನ್ನ ಕಿವಿ ತನಗೆ ಗೊತ್ತಿರಲಿಲ್ಲವೇ ಎಂದು. ಎಡಗಿವಿಗೆ ಕಡಿಮೆ ಕೇಳುತ್ತದೆ ಎಂಬುದು ಗೊತ್ತಿತ್ತು. ಆದರೆ ಎಲ್ಲರಿಗೂ ಹಾಗೇ ಎಂದುಕೊಂಡಿದ್ದೆ. ಬಲಗೈಯಲ್ಲಿ ಬರೆಯುತ್ತೇವೆ, ಎಡಗೈಯಲ್ಲಿ ಆಗುವುದಿಲ್ಲ. ಕಿವಿಯೂ ಹಾಗೆಯೇ, ಒಂದು ಕೆಲಸದ ಕಿವಿ, ಇನ್ನೊಂದು ಜೊತೆಗಿರುವ ಕಿವಿ. ಫೋನನ್ನು ಬಲಗಿವಿಗೇ ಇಡುತ್ತಿದ್ದೆ. ಬೇರೆಯವರು ಎಡಗಿವಿಗೆ ಇಟ್ಟಾಗ, ಅವರು ಎಡಚರು ಎಂದುಕೊಳ್ಳುತ್ತಿದ್ದೆ. ಇದನ್ನು ಕೇಳಿ ತಿಳಿಯಬೇಕೆಂದು ನನಗೆ ಹೊಳೆದದ್ದೇ ಇಲ್ಲ.

ಅಂಗಡಿಯವರಿಗೆ ಇದೇನೂ ಬೇಕಿರಲಿಲ್ಲ. ಸ್ಪೀಕರುಗಳು ಗಟ್ಟಿಮುಟ್ಟಾಗಿವೆ, ಸೆಟ್ಟೂ ಚೆನ್ನಾಗಿದೆ, ಕೀಳುವುದು ಯಾಕೆ ಎಂದು ನಿಮ್ಮ ಅಪ್ಪನಿಗೆ ಹೇಳುತ್ತಿದ್ದರು. ಯಾವ ಕಡೆಗೆ ಎಷ್ಟು ಸದ್ದು ಹೋಗಬೇಕು ಎಂದು ಹೇಳುವ ಜಾಗವೊಂದು ಆ ಗುಂಡಿಯಲ್ಲೇ ಇದೆಯಂತೆ. ಅದನ್ನು ಪೂರ್ತಿ ಬಲಕ್ಕೆ ತಿರುಗಿಸಿಟ್ಟಿದ್ದರಂತೆ.

"ಮಕ್ಕಳು ಕೈ ಆಡ್ಸಿರ್ಬೇಕು," ಎಂದ ನಿಮ್ಮ ಅಪ್ಪ.

"ಇದು ಆಟಕ್ಕೆ ಸಿಗೋದಲ್ಲ ಕಣ್ರೀ. ಎರಡು ಸಲ ಒತ್ತಿ, ಹುಡುಕಿ, ತಿರುಗಿಸ್ಬೇಕು. ಗೊತ್ತಿದ್ದೋರೇ ಮಾಡಿರೋದು."

ಗೊತ್ತಿದ್ದವರು. ಆ ಸೆಟ್ಟನ್ನು ಗೊತ್ತಿದ್ದವರು ನಮ್ಮ ಮನೆಯಲ್ಲಿ ಒಬ್ಬರೇ. ಹಿಂದೊಮ್ಮೆ ನಾನೇ ಅವರನ್ನು ಕೇಳಿದ್ದೆ, ಹಾಡು ನಿಮ್ಮ ಕಡೆಯಿಂದ ಮಾತ್ರ ಯಾಕೆ ಬರುತ್ತದೆ ಎಂದು. ಈ ಕಡೆಯದು ಚೆನ್ನಾಗಿದೆ ಬಿಡು ಎಂದಿದ್ದರು. ಸದ್ದು ಸಾಲದು ಎಂದರೆ ಏರಿಸುತ್ತಿದ್ದರು. ಅಷ್ಟೂ ಸದ್ದು ಅವರ ಬಲಗಿವಿಯ ಪಕ್ಕದಲ್ಲೇ ಬಡಿದು, ಅವರನ್ನು ದಾಟಿ, ನನ್ನ ಬಲಗಿವಿಗೆ ಬರುತ್ತಿತ್ತು. ದಾರಿಯಲ್ಲಿ ನಡೆದರೆ ಅವರು ನನ್ನ ಬಲಕ್ಕೆ. ಮದುವೆಮನೆಯ ಪಂಕ್ತಿಯಲ್ಲಿ ನನಗೆ ಗೋಡೆಯ ಪಕ್ಕದ ಕೊನೆಯ ಎಲೆ, ಎಡಕ್ಕೆ ಗೋಡೆ ಬರುವ ಹಾಗೆ. ಇದೆಲ್ಲ ಗಂಡಸರ ಅಭ್ಯಾಸವೆಂದು ನಾನು ತಿಳಿದಿದ್ದೆ.

ಬರುವಾಗ ನಿಮ್ಮ ಅಪ್ಪ ಖುಷಿಯಲ್ಲಿದ್ದ. ನಾಲ್ಕೂ ಬಾಗಿಲಿನಿಂದ ಹಾಡು ಬರುತ್ತಿತ್ತು. ನನ್ನ ಸೆಟ್ಟು ಉಳಿದಿತ್ತು. ಬಂದ ಕೆಲಸ ಆಯಿತೆಂದು ನಾನೂ ಖುಷಿ ಪಡಬೇಕಿತ್ತು. ಬೀರೂರು ದಾಟುವವರೆಗೆ ನಾನು ಅಂಗೈಯನ್ನು ಆ ಜಾಲರಿಯ ಮೇಲೇ ಇಟ್ಟುಕೊಂಡಿದ್ದೆ.

ಮನೆಗೆ ಬಂದು ನಿಮ್ಮ ಅಮ್ಮನನ್ನು ಅಡುಗೆಮನೆಯಲ್ಲಿ ಹಿಡಿದು, ನನ್ನ ಎಡಗಿವಿ ಪೂರ್ತಿ ಹೋಗಿದೆ ಕಣೇ ಎಂದೆ. ಅವಳು ಗಾಬರಿ ಬೀಳುತ್ತಾಳೆ ಎಂದುಕೊಂಡಿದ್ದೆ. ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಅತ್ತೆ, ಅದು ನಿಮಗೆ ಗೊತ್ತಿರ್ಲಿಲ್ವಾ? ನಾನು ಮದುವೆಯಾಗಿ ಬಂದ ಹೊಸದ್ರಲ್ಲೇ ಮಾವ ಹೇಳಿದ್ರು. ಅತ್ತೆ ಹತ್ರ ಮಾತಾಡೋವಾಗ ಬಲಗಡೆ ನಿಂತ್ಕೊಳಮ್ಮ, ಆ ಕಡೆ ಕೇಳಲ್ಲ ಅಂತ. ಅದ್ರ ಮಾತು ಎತ್ಬೇಡ, ಬೇಜಾರು ಮಾಡ್ಕೊತಾಳೆ ಅಂದಿದ್ರು. ನಿಮಗೆ ಗೊತ್ತಿದ್ದೂ ಮುಚ್ಚಿಟ್ಕೊಂಡಿದೀರ ಅಂತಲೇ ನಾನು ಇಷ್ಟು ದಿನ..."

ಬಾಗಿಲಲ್ಲಿ ನಿಂತಿದ್ದ ನೀನು, ದೊಡ್ಡವಳೇ, "ನಂಗೂ ಅಮ್ಮ ಹೇಳಿದ್ಲು ಅಜ್ಜಿ," ಎಂದೆ, ಬಹಳ ಸಾಮಾನ್ಯದ ಮಾತು ಎನ್ನುವ ಹಾಗೆ. ಗೊತ್ತಿಲ್ಲದವರು ಇಬ್ಬರೇ, ನಿಮ್ಮ ಅಪ್ಪ ಮತ್ತು ನಾನು.

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ, ಆದರೂ ಬಂತು. ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ನನ್ನ ಹೆಸರು ಕೂಗಿದಾಗ ಏಳಲಿಲ್ಲವೆಂದು ಬೆತ್ತದ ಏಟು ತಿಂದಿದ್ದೇನೆ. ಹೊಸ ಸೊಸೆಯಾಗಿ ಬಂದಾಗ ಓರಗಿತ್ತಿಯರು ಕರೆದರೆ ತಿರುಗಿಯೂ ನೋಡದ ಸೊಕ್ಕಿನವಳು ಎಂದರು. ಎಲ್ಲಿ ತಪ್ಪು ಉತ್ತರ ಕೊಡುತ್ತೇನೋ ಎಂದು ನಾಲ್ಕು ಜನರ ನಡುವೆ ಬಾಯಿ ತೆರೆಯುವುದನ್ನೇ ಬಿಟ್ಟೆ. ನಾಚಿಕೆಯವಳು ಎಂದು ಹೆಸರಾಯಿತು. ನಾನೂ ಅದನ್ನೇ ನಂಬಿಕೊಂಡೆ. ಅವರು ಗುಂಡಿ ತಿರುಗಿಸಿದರು, ಗೋಡೆಯ ಪಕ್ಕದ ಎಲೆ ಹುಡುಕಿದರು, ಸೊಸೆಗೆ ಹೇಳಿದರು. ನನಗೆ ಒಂದು ಮಾತು ಹೇಳಿದ್ದರೆ, ಆ ಕಡೆಯಿಂದ ಕೇಳಲ್ಲ ಈ ಕಡೆ ಬನ್ನಿ ಎಂದು ಜನರಿಗೆ ನಾನೇ ಹೇಳುತ್ತಿದ್ದೆನೋ ಏನೋ. ಹೇಳುತ್ತಿರಲಿಲ್ಲವೇನೋ. ಅದು ಈಗ ತಿಳಿಯುವ ಬಗೆಯಿಲ್ಲ.

ತರೀಕೆರೆಯಲ್ಲಿ ಕಿವಿಯ ಡಾಕ್ಟರಿಗೆ ತೋರಿಸಿದ್ದಾಯಿತು. ಚಿಕ್ಕಂದಿನಲ್ಲಿ ಯಾವುದೋ ಜ್ವರಕ್ಕೆ ಹೋಗಿರಬೇಕು, ಈಗ ಮಾಡುವುದೇನೂ ಇಲ್ಲ, ಇನ್ನೊಂದನ್ನು ಜೋಪಾನ ಮಾಡಿ ಎಂದರು. ವಾಪಸು ಬರುವಾಗ ಕಾರಿನಲ್ಲಿ ನಾನೂ ನಿಮ್ಮ ಅಪ್ಪನೂ ಇಬ್ಬರೇ. ಊರು ದಾಟಿದ ಮೇಲೆ ಅವನು ಹಾಡು ಹಾಕಿದ. ಸ್ವಲ್ಪ ದೂರ ಹೋಗಿ, ನಾನು ಕಿಟಕಿಯ ಕಡೆ ನೋಡುತ್ತಿದ್ದೇನೆಂದು ತಿಳಿದು, ಗುಂಡಿಯನ್ನು ಮೆಲ್ಲಗೆ ಎರಡು ಸಲ ಒತ್ತಿದ. ತಾತನ ಹಾಗೆಯೇ, ಸದ್ದಿಲ್ಲದೆ, ಬಲಕ್ಕೆ ತಿರುಗಿಸತೊಡಗಿದ.

ನಾನು ಅವನ ಕೈ ಹಿಡಿದುಕೊಂಡೆ.

"ನಂಗೆ ಹೇಳ್ಬಿಟ್ಟು ತಿರುಗ್ಸು ಕಣೋ."

ಅವನು ಕಾರನ್ನು ಪಕ್ಕಕ್ಕೆ ನಿಲ್ಲಿಸಿದ. ಸದ್ದು ತಗ್ಗಿಸಿ ನನ್ನ ಕಡೆ ತಿರುಗಿದ. ಆಮೇಲೆ, "ಅಮ್ಮ, ನಿನ್ನ ಎಡಗಿವಿ ಕೇಳಲ್ಲ. ಬಲಕ್ಕೆ ತಿರುಗಿಸ್ಲಾ?" ಎಂದ. ಮನೆಯವರೊಬ್ಬರು ಆ ಮಾತನ್ನು ನನಗೇ ಹೇಳಿ, ಏನು ಮಾಡಲಿ ಎಂದು ಕೇಳಿದ್ದು ಅದೇ ಮೊದಲು. ಬೇಡ, ಎಲ್ಲಿ ಒತ್ತಬೇಕು ತೋರಿಸು ಎಂದೆ. ತೋರಿಸಿದ. ಅಷ್ಟು ವರ್ಷ ಒರೆಸಿದ ಗುಂಡಿಯನ್ನು ಅವತ್ತು ನಾನೇ ತಿರುಗಿಸಿದೆ.

ಈಗ ಅದು ಎಲ್ಲಿರಬೇಕೆಂದು ನಾನು ಹೇಳುತ್ತೇನೆ. ನೀವಿಬ್ಬರೂ ಹಿಂದೆ ಇದ್ದರೆ ನಡುವೆ, ಯಾರಿಗೂ ಜಗಳವಿಲ್ಲ. ನಾನು ಮತ್ತು ನಿಮ್ಮ ಅಪ್ಪ ಇಬ್ಬರೇ ಇದ್ದರೆ ಸ್ವಲ್ಪ ಬಲಕ್ಕೆ, ಅವನ ಕಿವಿಗೆ ಹೆಚ್ಚಾಗದಷ್ಟು. ನನ್ನ ಹತ್ತಿರ ಏನಾದರೂ ಹೇಳುವುದಿದ್ದರೆ ಬಲಗಡೆಗೆ ಬನ್ನಿ. ಮರೆತು ಆ ಕಡೆ ನಿಂತರೆ, ಈ ಕಡೆ ಬನ್ನಿ ಎಂದು ನಾನೇ ಕರೆಯುತ್ತೇನೆ.