ದೇಸಾಯರ ತೋಟಕ್ಕೆ ನಾನು ಹೋದ ದಾರಿ

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ, ಅವತ್ತು ಏನು ಉಂಡಿದ್ದಿರಿ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದವಳು ನಾನು. ನರೇಗಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಲೆಕ್ಕಕ್ಕೆ ಸಿಗದ್ದನ್ನು ನಂಬುವ ಅಭ್ಯಾಸ ನನಗೆ ಇವತ್ತಿಗೂ ಇಲ್ಲ. ಆದ್ದರಿಂದ ಇದನ್ನು ನೀವು ನಂಬಲೇಬೇಕೆಂದು ಹಟ ಹಿಡಿಯುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಚಿಕ್ಕವಳಿದ್ದಾಗ ಪೋಲಿಯೊ ಬಂದು ನನ್ನ ಎರಡೂ ಕಾಲು ಹೋದವು. ನಾನು ಹುಟ್ಟಿದ ಊರಿನಲ್ಲಿ ದೇಸಾಯರ ವಾಡೆ ಇದೆ, ಅದರ ಹಿಂದೆ ಎತ್ತರದ ಕಲ್ಲುಗೋಡೆಯೊಳಗೆ ಅವರ ಹಳೆಯ ತೋಟ. ಆಗೆಲ್ಲ ಅದರ ಬಾಗಿಲು ಊರ ಹೆಣ್ಣುಮಕ್ಕಳಿಗೆ ತೆರೆಯುತ್ತಿದ್ದುದು ಪಂಚಮಿ ಹಬ್ಬಕ್ಕೆ ಮಾತ್ರ. ಒಳಗಿನ ದೊಡ್ಡ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಿದ್ದರು. ಬಾಗಿಲು ದಾಟಿದ ಕೂಡಲೇ ಕೆಳಗಿಳಿಯುವ ಕಡಿದಾದ ಮೆಟ್ಟಿಲುಗಳು. ಅವ್ವ ನನ್ನನ್ನು ಬಾಗಿಲ ಕಟ್ಟೆಯ ಮೇಲೆ ಕೂರಿಸಿ, ತಂಗಿ ಶಾಂತಾಳ ಕೈ ಹಿಡಿದುಕೊಂಡು ಒಳಗೆ ಹೋಗುತ್ತಿದ್ದಳು. ನನ್ನನ್ನು ಹೊತ್ತುಕೊಂಡು ಹೋಗಬಹುದೆಂದು ಯಾರಿಗೂ ಹೊಳೆಯಲಿಲ್ಲ. ಶಾಂತಾ ಬರುವಾಗ ನನಗೊಂದು ಶೇಂಗಾ ಉಂಡಿ ತರುತ್ತಿದ್ದಳು. ಆ ಉಂಡಿಯ ಮೇಲೆ ನನಗೆ ಎಂಥ ಸಿಟ್ಟೆಂದರೆ, ಈಗಲೂ ಪಂಚಮಿಗೆ ನಾನು ಉಂಡಿ ಮುಟ್ಟುವುದಿಲ್ಲ.

ಕೆಲವು ವರ್ಷಗಳ ಹಿಂದೆ ಆ ತೋಟವನ್ನು ದುರಸ್ತಿ ಮಾಡಿ ಪ್ರವಾಸಿಗರಿಗೆ ತೆರೆದರು. ರಸ್ತೆಯಲ್ಲಿ ಬೋರ್ಡು ನೆಟ್ಟರು, ಎಲ್ಲರಿಗೂ ಸ್ವಾಗತ ಎಂದು ಬರೆದು ಪಕ್ಕದಲ್ಲಿ ಗಾಲಿಕುರ್ಚಿಯ ಚಿತ್ರವನ್ನೂ ಬರೆಸಿದರು. ಕಾರು ನಿಲ್ಲಿಸುವಲ್ಲಿಂದ ಟಿಕೆಟ್ ಕಿಟಕಿಯವರೆಗೆ ಚಂದದ ಇಳಿಜಾರು. ಅಂದರೆ ನನ್ನಂಥವರು ಟಿಕೆಟ್ ಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ತೋಟದ ಬಾಗಿಲಲ್ಲಿ ಮಾತ್ರ ಅದೇ ಹೊಸ್ತಿಲು, ಅವೇ ಮೆಟ್ಟಿಲು.

ನಾನು ಬೆನ್ನು ಬಿಡಲಿಲ್ಲ. ಆ ಬಾಗಿಲಲ್ಲೂ ಇಳಿಜಾರು ಬೇಕೆಂದು ಕೇಳಿ ಕೇಳಿ ಸಾಕು ಮಾಡಿದೆ. ಕಡೆಗೆ ಅಲ್ಲಿನ ಮ್ಯಾನೇಜರು ಫೋನು ಮಾಡಿ, ನೀವೇ ಬಂದು ಪರೀಕ್ಷೆ ಮಾಡಿ, ಒಳಗೆ ಹೋಗಲಾಗದು ಎಂಬುದು ನಮ್ಮ ಕಣ್ಣಿಗೆ ಬಿದ್ದರೆ ಬಾಗಿಲ ಪಕ್ಕ ಇಳಿಜಾರು ಕಟ್ಟಿಸುತ್ತೇವೆ ಎಂದರು. ನನ್ನಿಂದ ಆಗದು ಎಂದು ತೋರಿಸಿದರೆ ಸಾಕಿತ್ತು. ಇಷ್ಟು ಸುಲಭದ ಪರೀಕ್ಷೆಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ.

ಶ್ರಾವಣದ ಒಂದು ಸಂಜೆ ಶಾಂತಾಳನ್ನು ಕರೆದುಕೊಂಡು ಹೋದೆ. ಅವಳನ್ನು ಗಜೇಂದ್ರಗಡದ ನೇಕಾರರ ಮನೆಗೆ ಕೊಟ್ಟಿದೆ, ಮಗ್ಗ ಬಿಟ್ಟು ಬಂದಿದ್ದಳು. ಸಣ್ಣ ಮಳೆ ಬಿದ್ದು ನೆಲ ಹಸಿಯಾಗಿತ್ತು. ಮ್ಯಾನೇಜರು ಹೊಸ್ತಿಲನ್ನೂ ನನ್ನ ಗಾಲಿಯನ್ನೂ ನೋಡಿದರು. ಇಳಿಜಾರು ಒಳಗೆ ಎಲ್ಲಿಗೆ ಬರಬೇಕೆಂದು ನೋಡಿಬರುತ್ತೇವೆ ಎಂದು ಶಾಂತಾಳ ಜೊತೆ ಮೆಟ್ಟಿಲಿಳಿದು ಹೋದರು. ನಾನು ಮತ್ತೆ ಬಾಗಿಲ ಹೊರಗೆ ಒಬ್ಬಳೇ ಉಳಿದೆ.

ಆಗ ಒಳಗಿನಿಂದ ಜೋಕಾಲಿಯ ಹಗ್ಗ ಕಿರುಗುಟ್ಟುವ ಸದ್ದು ಕೇಳಿಸಿತು. ಈ ವಯಸ್ಸಿನಲ್ಲಿ ಶಾಂತಾ ನನ್ನನ್ನು ಹೊರಗೆ ಬಿಟ್ಟು ಜೀಕುತ್ತಿದ್ದಾಳಲ್ಲ ಎಂದು ಹೊಟ್ಟೆ ಉರಿಯಿತು. ಆ ಸದ್ದು ಕೇಳಬಾರದೆಂದು ಗೋಡೆಯ ಬದಿಗೆ ಕುರ್ಚಿ ತಿರುಗಿಸಿ ಗಾಲಿ ತಳ್ಳಿಕೊಂಡು ಹೊರಟೆ. ನೆಲ ಸಪಾಟಾಗಿತ್ತು, ಒಂದು ಕಲ್ಲೂ ಅಡ್ಡ ಬರಲಿಲ್ಲ. ಎಡಗೈಗೆ ಗೋಡೆಯ ತಂಪು ತಾಗುತ್ತಲೇ ಇತ್ತು. ದೂರ ಹೋಗುತ್ತಿದ್ದರೂ ಸದ್ದು ಹತ್ತಿರವಾಗುತ್ತಿತ್ತು. ಅದು ನಿಂತಿತೆಂದು ತಲೆ ಎತ್ತಿದರೆ ನಾನು ಬೇವಿನ ಮರದ ಕೆಳಗಿದ್ದೆ. ಮರದಲ್ಲಿ ಜೋಕಾಲಿ ಇರಲಿಲ್ಲ. ಬಾಗಿಲು ಮೇಲೆ ದೂರದಲ್ಲಿ ಕಾಣುತ್ತಿತ್ತು, ಅದರ ಮೆಟ್ಟಿಲುಗಳನ್ನು ಮೊದಲ ಸಲ ಕೆಳಗಿನಿಂದ ನೋಡಿದೆ. ಹೆದರಿಕೆ ಆಗಲಿಲ್ಲ. ಕೈಚಾಚಿ ಮರದ ತೊಗಟೆ ಮುಟ್ಟಿದೆ, ಅಳು ಬಂತು. ಅಷ್ಟು ಸುಖವಾಗಿ ನಾನು ಯಾವತ್ತೂ ಅತ್ತಿರಲಿಲ್ಲ.

ತೋಟದ ಆಚೆ ತುದಿಯ ಬಾವಿಯ ಕಡೆಯಿಂದ ಬಂದ ಶಾಂತಾ ನನ್ನನ್ನು ಕಂಡು ಬಿಳಿಚಿಕೊಂಡಳು.

“ಅಕ್ಕಾ, ನೀ ಹ್ಯಾಂಗ ಬಂದಿ?”

ಮ್ಯಾನೇಜರು ಮೊದಲು ಫೋಟೊ ತೆಗೆದರು, ಆಮೇಲೆ ಅದನ್ನೇ ಕೇಳಿದರು. ಹಸಿ ಮಣ್ಣಿನಲ್ಲಿ ನನ್ನ ಗಾಲಿಯ ಗುರುತು ಸ್ಪಷ್ಟವಾಗಿತ್ತು. ಅದನ್ನೇ ಹಿಡಿದು ಹೋದೆವು. ಗುರುತು ಗೋಡೆಯ ಬುಡದಿಂದ ಶುರುವಾಗಿತ್ತು. ಗೋಡೆಯಲ್ಲಿ ಸಂದೂ ಇಲ್ಲ, ಬಿರುಕೂ ಇಲ್ಲ. ತೋಟದ ಆಳುಗಳು ನನ್ನನ್ನು ಕುರ್ಚಿ ಸಮೇತ ಎತ್ತಿ ಮೆಟ್ಟಿಲು ಹತ್ತಿಸಿದರು. ಹೊರಗೆ ಹೋಗಿ ನೋಡಿದರೆ ಗೋಡೆಯ ಬದಿಗೆ ಬರೀ ತಗ್ಗು, ಜಾಲಿ ಮುಳ್ಳು. ಆಡು ಸಹ ಹೋಗುವ ಹಾಗಿರಲಿಲ್ಲ.

“ಬಾಯಾರ, ನೀವು ಒಬ್ಬರ ಒಳಗ ಬಂದೀರಿ. ಇನ್ನ ಇಳಿಜಾರು ಯಾತಕ್ಕ ಬೇಕ್ರಿ?” ಎಂದರು ಮ್ಯಾನೇಜರು.

ಅವರು ಚೇಷ್ಟೆ ಮಾಡುತ್ತಿರಲಿಲ್ಲ. ದಾರಿಯೇ ಇಲ್ಲವಲ್ಲ ಎಂದೆ. ಹಾಗಾದರೆ ನೀವು ಬಂದದ್ದು ಸುಳ್ಳೇ ಎಂದು ಕೇಳಿದರು. ಇಳಿಜಾರಿನ ಮಾತು ಅಲ್ಲಿಗೇ ಮುಗಿಯಿತು. ಬೇವಿನ ಕೆಳಗೆ ಕಣ್ಣೊರೆಸಿಕೊಳ್ಳುತ್ತಿರುವ ನನ್ನ ಫೋಟೊವನ್ನು ದೊಡ್ಡದು ಮಾಡಿಸಿ ಟಿಕೆಟ್ ಕಿಟಕಿಯ ಪಕ್ಕ ತೂಗುಹಾಕಿದ್ದಾರೆ. ಆಮೇಲೆ ಎಷ್ಟೋ ಸಂಜೆ ಹೋಗಿ ಆ ಬಾಗಿಲಲ್ಲಿ ಕಾದೆ. ಸದ್ದೂ ಇಲ್ಲ, ದಾರಿಯೂ ಇಲ್ಲ. ಏನಾಯಿತೆಂದು ಯೋಚಿಸಿ ತಲೆ ಕೆಟ್ಟುಹೋಗಿದೆ. ಆ ಸಂಜೆ ನನಗೆ ಯಾರೋ ಕೊಟ್ಟ ವರ ಎಂದು ಶಾಂತಾ ಹೇಳುತ್ತಾಳೆ. ಅಂಥ ವರಕ್ಕೆ ಬೆಂಕಿ ಬೀಳಲಿ. ಒಬ್ಬಳನ್ನು ಒಳಗೆ ಬಿಟ್ಟು ಉಳಿದವರಿಗೆಲ್ಲ ಬಾಗಿಲು ಹಾಕುವುದು ಎಂಥ ವರ?

ಮೊನ್ನೆ ಲಕ್ಕಲಕಟ್ಟಿಯ ಹುಡುಗಿಯೊಬ್ಬಳು ಎರಡು ಊರುಗೋಲು ಊರಿಕೊಂಡು ನನ್ನ ಮನೆಗೆ ಬಂದಳು. ಮದುವೆ ಗೊತ್ತಾಗಿದೆಯಂತೆ, ಗೆಳತಿಯರ ಜೊತೆ ತೋಟ ನೋಡಲು ಹೋಗಿದ್ದಳು. ಗೆಳತಿಯರು ಒಳಗೆ ಹೋದರು. ಟಿಕೆಟ್ ಕಿಟಕಿಯವರು ಇವಳಿಗೆ ನನ್ನ ಫೋಟೊ ತೋರಿಸಿ, ಇವರು ಗಾಲಿಕುರ್ಚಿಯಲ್ಲೇ ಹೋಗಿದ್ದಾರೆ, ಅವರನ್ನೇ ಕೇಳು ಎಂದು ಕಳಿಸಿದ್ದರು.

“ನೀವು ಹೋದ ದಾರಿ ನನಗೂ ತೋರಸ್ರಿ” ಎಂದಳು.

ನಿಮಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದೆ. ಅವಳು ಕಡೆಯವರೆಗೂ ಕೇಳಿ, ಊರುಗೋಲು ಎತ್ತಿಕೊಂಡು ಎದ್ದು ನಿಂತಳು.

“ತೋರಸೂದಿಲ್ಲಂದ್ರ ಇಲ್ಲ ಅನ್ರಿ. ಕತಿ ಯಾಕ ಹೇಳ್ತೀರಿ?”

ಅಷ್ಟೇ ಹೇಳಿ ಹೊರಟುಹೋದಳು. ಅವಳನ್ನು ಕೂಗಿ ಕರೆದು ಏನು ಹೇಳಬೇಕಿತ್ತೆಂದು ನನಗೆ ಇನ್ನೂ ತಿಳಿದಿಲ್ಲ.