ಪಾತಮ್ಮನ ಕೆಂಪಂಚಿನ ಮಸಿಬಟ್ಟೆ

ಚಳ್ಳಕೆರೆಯ ಪೇಟೆ ಇನ್ನೂ ಮುಸುಕು ತೆಗೆದಿಲ್ಲ. ಹತ್ತಿ ಮಂಡಿಯ ಹಿಂದಿನ ಹಂಚಿನ ಮನೆಯಲ್ಲಿ ಮಾತ್ರ ಬೆಂಕಿಯ ಬೆಳಕಿದೆ. ಒಲೆಯಿಂದ ಇಳಿಸಿದ ಗಡಿಗೆಯ ಕತ್ತಿಗೆ ಕವೆಗೋಲು ಸಿಕ್ಕಿಸಿ, ಅದರ ಎರಡು ತುದಿಗಳನ್ನು ಎರಡು ಪಾದಗಳಡಿ ಅದುಮಿಕೊಂಡು, ಪಾತಮ್ಮ ರಾಗಿ ಹಿಟ್ಟು ತೊಳಸುತ್ತಿದ್ದಾರೆ. ಕೋಲು ತಿರುಗಿದಂತೆಲ್ಲ ಅವರ ಭುಜ ತಿರುಗುತ್ತದೆ, ಭುಜ ತಿರುಗಿದಂತೆಲ್ಲ ಗೋಡೆಯ ಮೇಲಿನ ನೆರಳು ಕುಸ್ತಿಗೆ ನಿಂತಂತೆ ಓಲಾಡುತ್ತದೆ. ಗಡಿಗೆಯಲ್ಲಿ ಗಂಟು ಉಳಿದರೆ ಉಣ್ಣುವ ಹುಡುಗರು ಬೈಯುವುದಿಲ್ಲ, ಅವರೇ ತಮ್ಮನ್ನು ಬೈದುಕೊಳ್ಳುತ್ತಾರೆ.

ನೋಡುವವರ ಕಣ್ಣು ನಿಲ್ಲುವುದು ಅವರ ಕೈಯ ಮಸಿಬಟ್ಟೆಯ ಮೇಲೆ. ಬಿಸಿ ಗಡಿಗೆ ಹಿಡಿಯುವ ಬಟ್ಟೆ ಎಂದರೆ ಹರಕು ಪಂಚೆಯ ಕೊನೆಯ ಜನ್ಮ. ಇದು ಹಾಗಲ್ಲ. ಗಟ್ಟಿ ನೇಯ್ಗೆ, ಎರಡು ಬೆರಳಗಲದ ಕೆಂಪಂಚು, ಮೊಳಕಾಲ್ಮೂರಿನ ಮಗ್ಗದಿಂದ ಇಳಿದದ್ದು. ಇಂಥದ್ದನ್ನು ಜನ ಮದುವೆಯಲ್ಲಿ ಹೆಗಲ ಮೇಲೆ ಹಾಕಿಕೊಂಡು ನಾಲ್ಕು ಜನರ ಎದುರು ಎರಡು ಸಲ ಸರಿಮಾಡಿಕೊಳ್ಳುತ್ತಾರೆ. ಇದು ಇಲ್ಲಿಗೆ ಹೇಗೆ ಬಂತು ಎಂದು ಕೇಳಿದರೆ ಪಾತಮ್ಮ ತಲೆಯೆತ್ತುವುದಿಲ್ಲ.

“ಕತೆ ಆಮೇಲೆ ಸ್ವಾಮಿ. ಹಿಟ್ಟು ಕಾಯಲ್ಲ.”

ಈ ಮನೆಗೆ ಊರವರು ಇಟ್ಟ ಹೆಸರು ಓದುಮನೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗಳಿಂದ ಕಾಲೇಜಿಗೆ ಹೋದ ಹುಡುಗರು ಬೆರಳೆಣಿಕೆಯಷ್ಟು. ರಜಕ್ಕೆ ಹಳ್ಳಿಗೆ ಹೋದರೆ ಕುರಿ ಕರೆಯುತ್ತದೆ, ಹೊಲ ಕರೆಯುತ್ತದೆ, ಪುಸ್ತಕ ಮಾತ್ರ ಕರೆಯುವುದಿಲ್ಲ. ಹಾಗಾಗಿ ನಾಲ್ಕು ಜನ ಹಿರಿಯರು ಸೇರಿ ರಜದಲ್ಲೂ ಓದಿಕೊಂಡಿರಲೆಂದು ಈ ಮನೆ ಕೊಟ್ಟಿದ್ದಾರೆ. ಮೈಸೂರಿನಲ್ಲಿ ನಮ್ಮದೇ ಯೂನಿವರ್ಸಿಟಿ ಆಗಿ ಎರಡು ವರ್ಷವಾಯಿತಲ್ಲ, ಅಂದಿನಿಂದ ಇಲ್ಲಿ ಹುಡುಗರ ಸಂಖ್ಯೆಯೂ ಏರಿದೆ, ಹುಡುಗರ ಕಾಲರೂ ಏರಿದೆ.

ಪಾತಮ್ಮ ದೊಡ್ಡಉಳ್ಳಾರ್ತಿ ಹುಲ್ಲುಗಾವಲಿನಂಚಿನ ಕುರಿಗಾರರ ಹಟ್ಟಿಯವರು. ಗಂಡ ತೀರಿಕೊಂಡ ಮೇಲೆ ಹಿಂಡು ಮೈದುನನ ಪಾಲಾಯಿತು, ಈ ಮನೆಯ ಒಲೆ ಇವರ ಪಾಲಾಯಿತು. ಬೆಳಗಾಗುವ ಮುಂಚೆ ಬೀಸುವುದು, ಬೆಳಗಾದಾಗ ತೊಳಸುವುದು, ಮಧ್ಯಾಹ್ನ ಸೊಪ್ಪು ಬಿಡಿಸುವುದು, ಸಂಜೆ ಮತ್ತೆ ತೊಳಸುವುದು. ಹದಿನಾಲ್ಕು ಹುಡುಗರಿಗೆ ಎರಡು ಹೊತ್ತು, ಒಬ್ಬೊಬ್ಬರಿಗೆ ಎರಡೆರಡು ಮುದ್ದೆ. ಲೆಕ್ಕ ಓದುವವರು ಗುಣಿಸಿಕೊಳ್ಳಬಹುದು. ಪಾತಮ್ಮನಿಗೆ ಗುಣಿಸುವ ಕೆಲಸವಿಲ್ಲ, ಬಡಿಸುವ ಕೆಲಸ.

ಹಟ್ಟಿಯಿಂದ ಅವರು ತಂದ ಅಭ್ಯಾಸ ಒಂದಿದೆ. ಕುರಿ ಸೊರಗಿದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡುವುದಿಲ್ಲ, ಉಣ್ಣೆ ಸುಳ್ಳು ಹೇಳುತ್ತದೆ. ಬೆನ್ನಿನ ಮೇಲೆ ಅಂಗೈ ಎಳೆದು ನೋಡಬೇಕು. ಎಲುಬು ಕೈಗೆ ಚುಚ್ಚಿದರೆ ಆ ಕುರಿಯನ್ನು ದೂರ ಮೇಯಲು ಅಟ್ಟುವುದಿಲ್ಲ. ಪಾತಮ್ಮ ಬಡಿಸುತ್ತ ಬಡಿಸುತ್ತ ಹುಡುಗರ ಬೆನ್ನ ಮೇಲೂ ಹೀಗೇ ಒಂದು ಕೈ ಎಳೆದು ಮುಂದೆ ಹೋಗುತ್ತಾರೆ. ಮೊದಮೊದಲು ಹುಡುಗರಿಗೆ ಕಚಗುಳಿ, ಈಗ ರೂಢಿ.

ಈ ಬೇಸಿಗೆಯಲ್ಲಿ ಮೈಸೂರಿನಿಂದ ಬಂದ ಹುಡುಗರು ಬೆನ್ನು ಕೊಡಲಿಲ್ಲ. ತಟ್ಟೆಯ ಮುಂದೆ ಕೂತವರ ಮಾತೂ ಬದಲಾಗಿತ್ತು. ಹೋದ ವರ್ಷ “ಪಾತವ್ವ, ಇನ್ನೊಂದು ಹಾಕು” ಎನ್ನುತ್ತಿದ್ದ ಬಾಯಿ ಈಗ ಮೂಗಿನಿಂದ “ಸಾಕು, ಥ್ಯಾಂಕ್ಸ್” ಎನ್ನುತ್ತಿತ್ತು. ಕಾಫಿ ಕುಡಿದರೆ ಹಸಿವಾಗುವುದಿಲ್ಲವಂತೆ, ಹಸಿವಾಗದವನ ಮೈ ತೆಳುವಾಗುತ್ತದಂತೆ, ತೆಳು ಮೈಯವನಿಗೆ ಕೋಟು ಕೂರುತ್ತದಂತೆ. ಹೊಟ್ಟೆ ಕೂಗಿದರೂ ಕೋಟು ಕೂತರೆ ಸಾಕು ಎನ್ನುವ ಈ ಶಾಸ್ತ್ರಕ್ಕೆ ಯಾವ ಪಠ್ಯಪುಸ್ತಕವೂ ಇಲ್ಲ. ಆದರೂ ಎಲ್ಲರೂ ಪಾಸು.

ಈ ಪೈಕಿ ಇಬ್ಬರನ್ನು ಹೇಳಬೇಕು. ಒಬ್ಬ ದೊಡ್ಡೀರಪ್ಪ, ಪಾತಮ್ಮನ ಹಟ್ಟಿಯ ಪಕ್ಕದ ಹಟ್ಟಿಯವನು, ಬಿ.ಎ. ಓದುತ್ತಾನೆ. ಬಾಗಿಲಲ್ಲಿ ನಿಂತರೆ ಬಾಗಿಲು ಹಾಕಿದಂತೆ, ಅಂಥ ಆಳು. ಇನ್ನೊಬ್ಬ ಅವನ ಜೀವದ ಗೆಳೆಯ ಮಾರಣ್ಣ, ಮೊಳಕಾಲ್ಮೂರಿನ ನೇಕಾರರ ಮಗ, ಮಗ್ಗದ ಎಳೆಯಷ್ಟೇ ಸಣ್ಣ. ಇವನಿಗೆ ಮೈಯಿಲ್ಲವೆಂಬ ಕೊರಗು, ಅವನಿಗೆ ಮೈ ಹೆಚ್ಚೆಂಬ ಕೊರಗು. ಮಾರಣ್ಣ ಮನೆಯಿಂದ ಕೆಂಪಂಚಿನ ಒಂದು ವಸ್ತ್ರ ತಂದು ನಡುವೆ ಹರಿದ. ಅರ್ಧವನ್ನು ತಾನು ಅಂಗಿಯೊಳಗೆ ಎದೆಗೆ ಸುತ್ತಿಕೊಂಡ, ದಪ್ಪ ಕಾಣಲಿಕ್ಕೆ. ಉಳಿದರ್ಧವನ್ನು ದೊಡ್ಡೀರಪ್ಪ ಹೊಟ್ಟೆಗೆ ಬಿಗಿದುಕೊಂಡ, ಸಣ್ಣ ಕಾಣಲಿಕ್ಕೆ. ಒಂದೇ ಬಟ್ಟೆ, ಎರಡು ಸುಳ್ಳು.

ಹುಡುಗರ ತಲೆ ಹುಡುಗರದ್ದೇ ಎಂದು ಬಿಡಬಹುದಿತ್ತು. ಆದರೆ ಬೆಂಕಿಗೆ ತುಪ್ಪ ಸುರಿದವರು ಓದುಮನೆಯ ಮೇಲ್ವಿಚಾರಕ ಜಯದೇವಪ್ಪನವರು. ಇವರೂ ಬಿ.ಎ. ಪ್ರತಿ ಮಾತಿನ ಬಾಲಕ್ಕೂ ಒಂದು “ಯೂ ಸೀ” ಕಟ್ಟುವುದು ಇವರ ರೂಢಿ. ದಾನಿಗಳಿಗೆ ಕಳಿಸಲು ಹುಡುಗರ ಪಟ ತೆಗೆಸಬೇಕೆಂದು ಬಳ್ಳಾರಿಯಿಂದ ಪಟದವನನ್ನು ಕರೆಸಿದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ದೊಡ್ಡೀರಪ್ಪನ ತೋಳು ಹಿಡಿದು ಕಂಬದ ಹಿಂದಕ್ಕೆ ಸರಿಸಿದರು. “ಮಿಕ್ಕವರು ಕಾಣಬೇಕಲ್ಲಪ್ಪ, ಯೂ ಸೀ.” ಪಟ ಈಗ ಪಡಸಾಲೆಯ ಗೋಡೆಯಲ್ಲಿದೆ. ಹದಿಮೂರು ಹುಡುಗರು ಪೂರ್ತಿ ಇದ್ದಾರೆ, ಹದಿನಾಲ್ಕನೆಯವನು ಅರ್ಧ ಕಂಬ, ಅರ್ಧ ಮನುಷ್ಯ.

ಪಟ ನೋಡಿದ ಮರುದಿನ ಮೇಲ್ವಿಚಾರಕರು ಅಡಿಗೆಮನೆಗೆ ಬಂದು ಅಪ್ಪಣೆ ಕೊಟ್ಟರು. ಮುಖಗಳೆಲ್ಲ ಮುದ್ದೆಯಂತೆ ಬಂದಿವೆ, ಇನ್ನು ಮೇಲೆ ಮುದ್ದೆ ಬೇಡ, ಒಂದು ಹಿಡಿ ಅನ್ನ, ತಿಳಿ ಸಾರು, ಕಾಫಿ ಸಾಕು. ರಾಗಿ ಹೊಲದವರ ಕಾಳು, ಅನ್ನ ಓದಿದವರ ಕಾಳು, ಇದು ರಿಫೈನ್‌ಮೆಂಟಿನ ಪ್ರಶ್ನೆ, ಯೂ ಸೀ. ಈ ಮನೆಗೆ ಮೂಟೆಗಟ್ಟಲೆ ರಾಗಿ ಕಳಿಸುವವರು ಇದೇ ಹುಡುಗರ ಅಪ್ಪಂದಿರು. ಅಪ್ಪ ಬೆಳೆದದ್ದನ್ನು ತಿಂದೆನೆಂದು ಹೇಳಲು ನಾಚುವುದನ್ನು ಮಗನಿಗೆ ಕಲಿಸುವ ವಿದ್ಯೆಗೆ ಏನೆನ್ನಬೇಕು? ಬಿ.ಎ. ಎಂದರೆ “ಬರೀ ಅನ್ನ” ಎಂದು ಅಂದು ಮಾರಣ್ಣ ಗೊಣಗಿದನಂತೆ. ಹಾಗಾದರೆ ಪಾತವ್ವ ಎಂ.ಎ., “ಮುದ್ದೆ ಅಂಬಲಿ” ಎಂದನಂತೆ ಪಕ್ಕದವನು. ನಗೆ ಬಂತು, ಮುದ್ದೆ ಬರಲಿಲ್ಲ.

ಆ ಮೇಲಿನ ದಿನಗಳಲ್ಲಿ ಹುಡುಗರು ಸಂಜೆ ಹತ್ತಿ ಮಂಡಿಗೆ ಹೋಗಿ ದೊಡ್ಡ ತಕ್ಕಡಿಯಲ್ಲಿ ಕೂತು ತೂಗಿಸಿಕೊಳ್ಳತೊಡಗಿದರು. ತೂಗುವ ದುರುಗಣ್ಣನಿಗೆ ಮೊದಲು ತಮಾಷೆ, ಆಮೇಲೆ ಗಾಬರಿ. ಅವನ ಮಂಡಿಯಲ್ಲಿ ತೂಕ ಇಳಿದರೆ ಮಾಲು ಕೊಟ್ಟವನು ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ. ಇಲ್ಲಿ ದೊಡ್ಡೀರಪ್ಪ ಅರ್ಧ ಮಣ ಇಳಿದನೆಂದು ಉಳಿದವರು ಬೆನ್ನು ತಟ್ಟುತ್ತಿದ್ದರು. ಹುಡುಗ ಒಂದು ಹಿಡಿ ಅನ್ನವನ್ನೂ ಅರ್ಧಕ್ಕೆ ಬಿಡುತ್ತಿದ್ದ. ರಾತ್ರಿ ಹಗಲು ಕೋಟು ಬಿಚ್ಚುತ್ತಿರಲಿಲ್ಲ.

ಹಿಟ್ಟು ತಿಂದವನು ಬೆಟ್ಟ ಕೀಳುತ್ತಾನೆಂದು ಹೇಳುವ ಸೀಮೆ ಇದು. ಹಿಟ್ಟು ಬಿಟ್ಟವನು ಒಂದು ಬೆಳಿಗ್ಗೆ ಬಾವಿಯಿಂದ ಒಂದು ಬಿಂದಿಗೆ ಎತ್ತಲಾರದೆ ಕಟ್ಟೆಯ ಮೇಲೆ ಕುಸಿದ. ಒಂದು ಗೇಣು ಆಚೆ ಬಿದ್ದಿದ್ದರೆ ಬಾವಿಯೊಳಗೆ. ಪಾತಮ್ಮ ಓಡಿ ಹೋಗಿ ಕೋಟಿನ ಗುಂಡಿ ಬಿಚ್ಚಿದರು. ಒಳಗೆ ಕೆಂಪಂಚಿನ ವಸ್ತ್ರ, ಎಡ ಪಕ್ಕೆಯ ಕೆಳಗೆ ಗಂಟು. ಆ ಗಂಟನ್ನು ಕಂಡು ಅವರ ಕೈ ಹಾಗೇ ನಿಂತಿತಂತೆ.

ಈಗ ಮುದ್ದೆ ಕಟ್ಟಿ ಮುಗಿದಿದೆ. ಪಾತಮ್ಮ ಗೋಡೆಗೆ ಒರಗಿ ಕಾಲು ಚಾಚುತ್ತಾರೆ. ಕತೆ ಬರುತ್ತದೆ.

“ದೂರ ಮೇಯ್ಸಕ್ಕೆ ಹೋದಾಗ ನಮ್ಮೋರು ಹಂಗೆ ಕಟ್ಕಂತಾರೆ ಸ್ವಾಮಿ. ಮಧ್ಯಾಹ್ನ ಕೂಳಿರಲ್ಲ, ಹೊಟ್ಟೆ ಕಚ್ಚಬಾರದು ಅಂತ. ಸಂಜಿಗೆ ಬಂದು ಬಿಚ್ಚೇ ಉಣ್ಣಬೇಕು, ಬಿಚ್ಚೇ ಮಲಗಬೇಕು. ಈ ಹುಡುಗ ಬಿಚ್ಚಿರ್ಲೇ ಇಲ್ಲ.”

ನಲವತ್ತು ವರ್ಷದ ಹಿಂದೆ ಧಾತು ಈಶ್ವರದ ಬರ ಬಂದಾಗ ಪಾತಮ್ಮ ಕುರಿಯ ಹಿಂದೆ ಓಡುವಷ್ಟು ದೊಡ್ಡವರು, ಅವರ ತಮ್ಮ ಆಗಷ್ಟೇ ಅವ್ವನ ಸೊಂಟದಿಂದ ಇಳಿದು ನಡೆಯತೊಡಗಿದವನು. ಕುರಿ ಸತ್ತವು, ಕಾವಲಿನ ಹುಲ್ಲಿನ ಬೀಜವೂ ತೀರಿತು. ಅವ್ವ ತನ್ನ ಸೀರೆ ಹರಿದು ಇಬ್ಬರ ಹೊಟ್ಟೆಗೂ ಕಟ್ಟಿದಳು.

“ನಂದು ಬಿಚ್ಚಿದ್ರು, ಗಂಜಿ ಸಿಕ್ತು. ಅವನ ಗಂಟು ಬಿಚ್ಚಿದ್ದು ಅವನು ಹೋದ ಮ್ಯಾಲೆ. ನಮಗೆ ಇರ್ಲಿಲ್ಲ, ಕಟ್ಕಂಡ್ವಿ. ಇವರ ಮುಂದೆ ಗಡಿಗೆ ತುಂಬ ಐತೆ, ಕಟ್ಕಂತಾರೆ. ಇದು ಯಾವ ಬರ ಸ್ವಾಮಿ?”

ಇದಕ್ಕೆ ಉತ್ತರ ಹೇಳಬೇಕಾದ ಮೇಲ್ವಿಚಾರಕರು ಅಂದು ಬಾವಿಯ ಕಟ್ಟೆಗೆ ಬಂದು ಹೇಳಿದ್ದು ಇಷ್ಟು: ಅಜೀರ್ಣ. ವರ್ಷಗಟ್ಟಲೆ ತಿಂದ ಮುದ್ದೆ ಈಗ ತನ್ನ ಗುಣ ತೋರಿಸುತ್ತಿದೆ, ಯೂ ಸೀ. ಖಾಲಿ ಹೊಟ್ಟೆಯಲ್ಲಿ ಅಜೀರ್ಣ ಕಂಡುಹಿಡಿದ ಈ ಮಹಾನುಭಾವರಿಗೆ ಡಾಕ್ಟರ್ ಪದವಿ ಕೊಡದೆ ಬರೀ ಬಿ.ಎ. ಕೊಟ್ಟದ್ದು ದೊಡ್ಡ ಅನ್ಯಾಯ. ಹುಡುಗನೊಬ್ಬ ಬಾವಿಯ ಬಾಯಿಂದ ಒಂದು ಗೇಣು ಈಚೆ ಉಳಿದಿದ್ದಾನೆ. ಅವನನ್ನು ಅಲ್ಲಿಗೆ ನೂಕಿದ್ದು ರಾಗಿಯಲ್ಲ, ಕಂಬದ ಹಿಂದಕ್ಕೆ ಸರಿಸಿದ ಕೈ. ಮೈಯೊಳಗಿನ ಮನುಷ್ಯನನ್ನು ಬಿಟ್ಟು ಮೈಯನ್ನೇ ಓದುವವರು ಹುಡುಗರ ಮೇಲ್ವಿಚಾರಣೆ ಮಾಡಬಾರದು. ಮಂಡಿಯಲ್ಲಿ ಹತ್ತಿಯ ಮೇಲ್ವಿಚಾರಣೆ ಮಾಡಿಕೊಂಡಿರಲಿ. ಹತ್ತಿಗೆ ನಾಚಿಕೆಯಿಲ್ಲ.

ಪಾತಮ್ಮ ಜಗಳ ಮಾಡಲಿಲ್ಲ. ವಸ್ತ್ರವನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮರುದಿನ ಬೆಳಿಗ್ಗೆ ಯಾರನ್ನೂ ಕೇಳದೆ ಗಡಿಗೆ ಏರಿಸಿದರು, ಇಳಿಸುವಾಗ ಆ ಬಟ್ಟೆಯನ್ನೇ ಹಿಡಿದು ಇಳಿಸಿದರು. ಅಪ್ಪಣೆ ಮೀರಿದ್ದಕ್ಕೆ, ಹುಡುಗರು ಕಾಲೇಜಿಗೆ ಹೊರಟ ಮೇಲೆ ನೀನೂ ಹೊರಡಬಹುದು ಎಂದು ಮೇಲ್ವಿಚಾರಕರು ಹೇಳಿಯಾಗಿದೆ. ಹುಡುಗರು ಒಬ್ಬೊಬ್ಬರಾಗಿ ತಟ್ಟೆಗೆ ಮರಳಿದರು. ದೊಡ್ಡೀರಪ್ಪ ಮಾತ್ರ ಮಜ್ಜಿಗೆ ಕುಡಿದು ಏಳುತ್ತಿದ್ದ.

ಒಂದು ದಿನ ಪಾತಮ್ಮ ಕೇಳಿಯೇ ಬಿಟ್ಟರು: ನಾನು ಏನು ಮಾಡಿದೆ ಮಗ? ಹುಡುಗ ಗೋಡೆ ನೋಡಿಕೊಂಡು ಹೇಳಿದ್ದನ್ನು ಅವರು ಇಂದಿಗೂ ನುಂಗಲಾರರು. ಈ ರಜಕ್ಕೆ ಅವನು ಬಂದ ದಿನ ಎಲ್ಲರೆದುರು ಅವರು “ನಮ್ಮ ಟಗರು ಬಂತು ನೋಡ್ರೋ” ಎಂದಿದ್ದರು. ಹಟ್ಟಿಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಹಿಂಡಿಗೆ ಬಿಡುವ ಟಗರಿಗೆ ಅರಿಶಿನ ಹಚ್ಚಿ ಕೈಮುಗಿಯುತ್ತಾರೆ. ಆದರೆ ಮೈಸೂರಿನ ಹಾಸ್ಟೆಲಿನಲ್ಲಿ ಅವನನ್ನು ವರ್ಷವಿಡೀ ಹಂಗಿಸಿದ್ದು ಅದೇ ಹೆಸರಿನಿಂದ. ಊಟಕ್ಕೆ ಕೂತರೆ ಪಕ್ಕದಿಂದ “ಮ್ಯಾ” ಎನ್ನುತ್ತಿದ್ದರು. ಇಲ್ಲಿ ಅವ್ವನಂಥವಳ ಬಾಯಲ್ಲೂ ಅದೇ ಬಂತು.

“ಮನಸ್ನಾಗೇ ಜಯದೇವಪ್ಪೋರನ್ನ ಬೈದೆ ನಾನು. ಮೊದ್ಲು ಚುಚ್ಚಿದ್ದು ನನ್ನ ನಾಲಿಗೆ” ಎನ್ನುತ್ತಾರೆ ಪಾತಮ್ಮ. ಅಂದಿನಿಂದ ಅವರು ಅವನನ್ನು ಪೂರ್ತಿ ಹೆಸರಿನಿಂದಲೇ ಕರೆಯುತ್ತಾರೆ. ಬೇರೆ ಯಾವ ಹುಡುಗನಿಗೂ ಅಡ್ಡಹೆಸರಿಲ್ಲ. ಅಕ್ಕರೆಯಿಂದ ಇಟ್ಟದ್ದು ಕೇಳುವವನಿಗೆ ಮುಳ್ಳಾದೀತು ಎಂಬ ಭಯ.

ಬೆಳಕಾಗಿದೆ. ಇಂದು ಹುಡುಗರು ಕಾಲೇಜಿಗೆ ಹೊರಡುವ ದಿನ. ಚಿತ್ರದುರ್ಗಕ್ಕೆ ಹೋಗುವ ಗಾಡಿ ಬಾಗಿಲಿಗೆ ಬಂದು ಎತ್ತುಗಳ ಗಂಟೆ ಅಲ್ಲಾಡುತ್ತಿದೆ. ಹುಡುಗರು ಸಾಲಾಗಿ ಕೂರುತ್ತಾರೆ. ದೊಡ್ಡೀರಪ್ಪ ಕೊನೆಯಲ್ಲಿ ಬಂದು, ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಗೆಳೆಯನ ಪಕ್ಕ ಕೂರುತ್ತಾನೆ. ಪಾತಮ್ಮ ಅವನ ತಟ್ಟೆಗೆ ಒಂದು ಮುದ್ದೆ ಇಟ್ಟು, ಸೊಪ್ಪಿನ ಸಾರು ಹುಯ್ದು, ನಿಲ್ಲದೆ ಮುಂದೆ ಹೋಗುತ್ತಾರೆ. ತಿರುಗಿ ನೋಡುವುದಿಲ್ಲ. ನೋಡದೇ ಇರುವುದು ತೊಳಸುವುದಕ್ಕಿಂತ ಕಷ್ಟದ ಕೆಲಸ ಎಂದು ಅವರ ಬೆನ್ನು ಹೇಳುತ್ತದೆ.

ಹುಡುಗ ಬಹಳ ಹೊತ್ತು ಮುದ್ದೆ ನೋಡುತ್ತಾನೆ. ಮಾರಣ್ಣ ಮೊಣಕೈಯಿಂದ ತಿವಿಯುತ್ತಾನೆ: “ನುಂಗ್ಲೇ, ಗಾಡಿ ಹೊರಡ್ತೈತೆ. ನಿಂದು ನೀನು ತಿನ್ನದಿದ್ರೆ ನಾನು ತಿಂದು ನಿನ್ನಂಗೆ ಆಗ್ಬಿಡ್ತೀನಿ.” ದೊಡ್ಡೀರಪ್ಪನ ಬಾಯಂಚು ಅಲುಗುತ್ತದೆ. ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನುಂಗುತ್ತಾನೆ. ಮತ್ತೊಂದು. ಎರಡನೆಯ ಮುದ್ದೆ ಕೇಳುವುದಿಲ್ಲ. ಒಂದನ್ನು ಪೂರ್ತಿ ಮುಗಿಸಿ ತಟ್ಟೆ ಎತ್ತುತ್ತಾನೆ.

ಹೊರಡುವ ಮುಂಚೆ ಅಡಿಗೆಮನೆಯ ಬಾಗಿಲಿಗೆ ಬರುತ್ತಾನೆ. ಒಲೆಯ ಪಕ್ಕ ಮಸಿ ಹಿಡಿದು ಬಿದ್ದ ಕೆಂಪಂಚಿನ ಬಟ್ಟೆಯ ಮೇಲೆ ಅವನ ಕಣ್ಣು ಬೀಳುತ್ತದೆ. ಪಾತಮ್ಮನ ಮುಖ ಗಟ್ಟಿಯಾಗುತ್ತದೆ.

“ಅದನ್ನ ಒಗೀಬೇಡ ಪಾತವ್ವ” ಎನ್ನುತ್ತಾನೆ ಹುಡುಗ. “ಒಗೆದ್ರೆ ಮತ್ತೆ ಕಟ್ಕಳ್ಳೋ ವಸ್ತ್ರ ಆಗ್ತೈತೆ.”

ಅವನು ಬಗ್ಗಿ ಕಾಲು ಮುಟ್ಟುವಾಗ ಪಾತಮ್ಮ ಆಶೀರ್ವಾದದ ನೆಪದಲ್ಲಿ ಬೆನ್ನ ಮೇಲೆ ಅಂಗೈ ಎಳೆಯುತ್ತಾರೆ, ಕುತ್ತಿಗೆಯಿಂದ ಸೊಂಟದವರೆಗೆ. ಹುಡುಗ ಈ ಸಲ ಸರಿಯುವುದಿಲ್ಲ.

ಗಾಡಿ ಮಂಡಿಯ ಮೂಲೆ ತಿರುಗಿದ ಮೇಲೂ ಅವರ ಕೈ ಹಾಗೇ ಅರ್ಧ ಮಡಿಸಿಕೊಂಡಿದೆ. ಏನು ಹೇಳಿತು ಬೆನ್ನು ಎಂದು ಕೇಳಿದರೆ, ಗಡಿಗೆ ತೊಳೆಯಲು ಬೂದಿ ಹುಡುಕುತ್ತ ಮೆಲ್ಲಗೆ ಹೇಳುತ್ತಾರೆ:

“ಚುಚ್ಚುತ್ತೆ ಇನ್ನೂ. ದಸರಾ ರಜಕ್ಕೆ ಬರ್ತಾನಲ್ಲ, ನಾನು ಇಲ್ಲಿ ಇಲ್ಲದಿದ್ರೆ ಹಟ್ಟೀಲಿ ಇರ್ತೀನಿ. ಅಲ್ಲಿಗೆ ಬಂದು ಬೆನ್ನು ಕೊಟ್ಟು ಹೋಗ್ಲಿ, ಅಷ್ಟೆ.”